ಮರ ತೆಗೆದುಕೊಳ್ಳದ ಚೀಲ

ನಮ್ಮೂರಿಗೆ ಬರುವ ಬಸ್ಸು ಆಲದ ಮರದ ಹತ್ತಿರ ತಿರುಗುತ್ತದೆ. ಅಲ್ಲಿಗೆ ಬಂದ ಕೂಡಲೇ ಬಸ್ಸಿನಲ್ಲಿರುವವರೆಲ್ಲ ಸೆರಗು, ಟವೆಲು, ಕೈ, ಏನು ಸಿಕ್ಕಿದರೆ ಅದನ್ನು ಮೂಗಿಗೆ ಹಿಡಿಯುತ್ತಿದ್ದರು. ಕಂಡಕ್ಟರ್ ನಮ್ಮೂರಿನ ಹೆಸರು ಕೂಗುವುದನ್ನೇ ಬಿಟ್ಟಿದ್ದ. "ನಿಮ್ ಸ್ಟಾಪ್ ಕೂಗೋದೇ ಬ್ಯಾಡ ಕಣಕ್ಕ, ತಾನಾಗೇ ಗೊತ್ತಾಯ್ತದೆ" ಅಂತ ಒಂದು ದಿನ ನನ್ನ ಮುಖಕ್ಕೇ ಹೇಳಿದ. ನನಗೆ ಮೈಯೆಲ್ಲ ಉರಿಯಿತು. ಆದರೆ ಏನಂತ ಜಗಳ ಆಡಲಿ, ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ನಾನು ಭಾನುಪ್ರಿಯಾ. ತವರು ತಿ. ನರಸೀಪುರ. ಮದುವೆಯಾಗಿ ಬಂದದ್ದು ತಗಡೂರಿನ ಆಚೆಗಿರುವ ಈ ಊರಿಗೆ. ಗಂಡ ಕುಮಾರ ಲಾರಿ ಓಡಿಸುತ್ತಾನೆ. ತಿಂಗಳಲ್ಲಿ ಇಪ್ಪತ್ತು ದಿನ ಮನೆಯಲ್ಲಿರುವುದಿಲ್ಲ. ನಾನು ಈ ಊರಿನ ಪಶುಸಖಿ, ಅಂದರೆ ದನದ ಡಾಕ್ಟರಿಗೂ ದನ ಸಾಕುವವರಿಗೂ ನಡುವೆ ಓಡಾಡುವವಳು. ಹಸುವಿಗೆ ಹುಷಾರಿಲ್ಲದಾಗ "ಬಾರವ್ವ ತಾಯಿ" ಅಂತ ಕರೆಯುತ್ತಾರೆ. ಹುಷಾರಾದ ಮೇಲೆ ನಾನು ಬುದ್ಧಿ ಹೇಳಲು ಹೋದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಈ ಕೆಲಸದಲ್ಲಿ ದಿನವಿಡೀ ಜನರ ನಡುವೆ ಇದ್ದರೂ ಒಬ್ಬಳೇ ಇದ್ದ ಹಾಗಿರುತ್ತದೆ.

ಇನ್ನು ಆ ವಾಸನೆಯ ವಿಷಯ. ನಮ್ಮ ಕಡೆಯ ಪದ್ಧತಿ ನಿಮಗೂ ಗೊತ್ತಿರಬಹುದು. ಹಸು ಕರು ಹಾಕಿದ ಮೇಲೆ ಬೀಳುವ ಮಾಸನ್ನು ತೆಗೆದುಕೊಂಡು ಹೋಗಿ ಆಲದ ಮರಕ್ಕೆ ಕಟ್ಟುತ್ತಾರೆ. ಆಲದ ಎಲೆ ಕಿತ್ತರೆ ಹಾಲು ಒಸರುತ್ತದಲ್ಲ, ಹಾಗೆಯೇ ಹಸುವಿಗೂ ಹಾಲು ತುಂಬಲಿ ಎಂಬ ನಂಬಿಕೆ. ಮುಂಚೆ ಹುಲ್ಲಿನಲ್ಲಿ ಸುತ್ತಿ ಕಟ್ಟುತ್ತಿದ್ದರು. ಈಗ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ಕಟ್ಟುತ್ತಾರೆ. ನಮ್ಮೂರಿನ ಮರದಲ್ಲಿ ಬಿಳಲಿಗಿಂತ ಚೀಲವೇ ಹೆಚ್ಚಾಗಿತ್ತು.

ಈ ಬೇಸಿಗೆಯಲ್ಲಿ ಒಂದು ಚೀಲ ಹರಿದು ಬಿತ್ತು. ನಾಯಿಯೊಂದು ಅದನ್ನು ಎಳೆದುಕೊಂಡು ಹೋಗಿ ಅಂಗನವಾಡಿಯ ಅಂಗಳದಲ್ಲಿ ಹಾಕಿತು. ಮಕ್ಕಳು ಅನ್ನದ ತಟ್ಟೆ ಹಿಡಿದು ಕೂತಿದ್ದ ಹೊತ್ತು. ಅಷ್ಟೇ, ಊರು ಎದ್ದು ನಿಂತಿತು. ಮರದ ಕೆಳಗೇ ಪಂಚಾಯಿತಿ ಸೇರಿತು. ಎಲ್ಲರೂ ಮೂಗು ಮುಚ್ಚಿಕೊಂಡೇ ಮಾತಾಡಿದರು.

ಪಂಚಾಯಿತಿ ಮೆಂಬರ್ ರಾಜೇಂದ್ರಣ್ಣ ಎದ್ದು ನಿಂತ. ಊರಿನಲ್ಲಿರುವ ಒಂದೇ ದಿನಸಿ ಅಂಗಡಿಯ ಮಾಲೀಕನೂ ಅವನೇ. "ಮರ ಇದ್ರೆ ತಾನೆ ಕಟ್ಟೋದು? ಮರನೇ ಕಡ್ಸಾಕ್ಬುಡವ. ಪರ್ಮಿಶನ್ನೂ ತಕ್ಕಂಡಿವ್ನಿ. ಶುಕ್ರವಾರ ಗರಗಸದೋರು ಬತ್ತಾರೆ" ಅಂದ.

"ಬ್ಯಾಡ!"

ಹಿಂದಿನಿಂದ ಒಂದೇ ಒಂದು ದನಿ. ಎಲ್ಲರೂ ತಿರುಗಿ ನೋಡಿದರು. ಕೆಂಪಾಜಮ್ಮ. ಐವತ್ತೈದರ ಹೆಂಗಸು. ಗಂಡ ಚೆಲುವಯ್ಯ ತೀರಿಕೊಂಡು ಆರು ವರ್ಷ. ಮಕ್ಕಳಿಲ್ಲ. ಮರದ ಪಕ್ಕದಲ್ಲೇ ಎರಡು ಅಂಕಣದ ಮನೆ, ಅದಕ್ಕೆ ತಗಡಿನ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಬೆಳ್ಳಿ ಎನ್ನುವ ಒಂದು ಹಸು. ಅವಳ ಸಂಸಾರ ಅಷ್ಟೇ.

"ಯಾಕಮ್ಮ ಬ್ಯಾಡ?" ಅಂತ ಕೇಳಿದ ರಾಜೇಂದ್ರಣ್ಣ.

"ಬಿಸ್ಲೊತ್ತಲ್ಲಿ ನಮ್ ಬೆಳ್ಳಿನ ಎಲ್ ಕಟ್ಲಪ್ಪ? ತಗಡಿನ್ ಕೆಳ್ಗೆ ಬೆಂದೋಯ್ತದೆ."

"ನಿನ್ನ ಒಂದು ಹಸುಗೋಸ್ಕರ ಊರೆಲ್ಲ ಮೂಗ್ ಮುಚ್ಕೊಂಡ್ ಕೂರ್ಬೇಕಾ?"

ಎಲ್ಲರೂ ನಕ್ಕರು. ನನಗೂ ಒಂದು ಗಳಿಗೆ ನಗು ಬಂತು, ಯಾಕೆ ಸುಳ್ಳು ಹೇಳಲಿ. ಕೆಂಪಾಜಮ್ಮ ಸೆರಗು ಸರಿ ಮಾಡಿಕೊಂಡು ತನ್ನ ಮನೆ ಕಡೆ ನಡೆದಳು. ಯಾರೂ ಅವಳನ್ನು ಕರೆಯಲಿಲ್ಲ.

ಮಾರನೆಯ ದಿನ ಮಂಗಳವಾರ. ನಮ್ಮ ಪಶುವೈದ್ಯೆ ನಯನ ಮೇಡಂ ಊರಿಗೆ ಬರುವ ದಿನ. ಅವರನ್ನು ನೇರವಾಗಿ ಕೆಂಪಾಜಮ್ಮನ ಮನೆಗೆ ಕರೆದುಕೊಂಡು ಹೋದೆ. ಬೆಳ್ಳಿಗೆ ದಿನ ತುಂಬಿತ್ತು. ಇಂದೋ ನಾಳೆಯೋ ಕರು ಹಾಕುವಂತಿತ್ತು. ಹೊರಗೆ ಚಪ್ಪಲಿ ಬಿಡುವಾಗ ಒಳಗೆ ಮಾತು ಕೇಳಿಸಿತು. ನೆಂಟರು ಬಂದಿದ್ದಾರೇನೋ ಅಂದುಕೊಂಡೆ.

"ನಗ್ತಾರೆ ಕಣವ್ವ, ನಗ್ಲಿ ಬುಡು. ನಾವೇನ್ ಅವ್ರ ಮನೆ ಅನ್ನ ಉಣ್ತೀವಾ? ಅಲ್ವಾ? ಅಲ್ವೇನೇ ಬೆಳ್ಳಿ?"

ನೆಂಟರು ಯಾರೂ ಇರಲಿಲ್ಲ.

ನಯನ ಮೇಡಂ ತಮ್ಮ ಬ್ಯಾಗಿನಿಂದ ಇಂಜೆಕ್ಷನ್ ತೆಗೆಯಲಿಲ್ಲ, ಗೋಡೆಗೆ ನೇತುಹಾಕುವ ಥರ್ಮಾಮೀಟರ್ ತೆಗೆದರು. ತಗಡಿನ ಕೆಳಗೆ ಹಿಡಿದರು. ನಲವತ್ತೊಂದು. ಹೊರಗೆ ಬಂದು ಆಲದ ಕೆಳಗೆ ಹಿಡಿದುಕೊಂಡು ಸ್ವಲ್ಪ ಹೊತ್ತು ಕಾದರು. ಮೂವತ್ನಾಲ್ಕು.

"ನೋಡಿ ಕೆಂಪಾಜಮ್ಮ, ಇಪ್ಪತ್ತು ಹೆಜ್ಜೆ ದೂರದಲ್ಲಿ ಏಳು ಡಿಗ್ರಿ ಕಮ್ಮಿ. ಯಾವ ಫ್ಯಾನೂ ಇಷ್ಟು ಮಾಡಲ್ಲ. ಹೋದ ಬೇಸಿಗೇಲಿ ಬೆಳ್ಳಿ ಹೇಗಿದ್ಳು?"

"ಬಾಯ್ ತಕ್ಕಂಡು ತಿದಿ ಒತ್ತದಂಗೆ ಏದುಸ್ರು ಬುಡ್ತಿತ್ತು ಮೇಡಂನೋರೆ. ಜೊಲ್ಲು ಸುರೀತಿತ್ತು. ಎಂಟು ಲೀಟ್ರು ಕರೆಯೋದು ಮೂರಕ್ಕೆ ಬಂತು. ಮರದ್ ಕೆಳೀಕೆ ತಂದ್ ಕಟ್ದೆ, ನಾಕ್ ದಿನಕ್ಕೆ ಸರಿಯೋಯ್ತು."

"ನೀವೇ ಒಳ್ಳೆ ಡಾಕ್ಟರ್ ಹಾಗಾದ್ರೆ. ಬಿಸಿಲು ಬದಲಾಗಿದೆಯಮ್ಮ. ನಮ್ಮ ಕೆಲಸಾನೂ ಬದಲಾಗಿದೆ. ಕಾಯಿಲೆ ಬಂದ ಮೇಲೆ ಸೂಜಿ ಚುಚ್ಚೋದು ಒಂದೇ ಅಲ್ಲ. ನೆರಳು ಉಳಿಸೋದು, ನೀರು ಕೆಡದ ಹಾಗೆ ನೋಡ್ಕೊಳ್ಳೋದು, ಮೇವು ದಂಡ ಆಗದ ಹಾಗೆ ಹೇಳಿಕೊಡೋದು, ಇದೂ ಪಶುವೈದ್ಯರ ಕೆಲಸಾನೇ. ದನ ಮೆಲುಕು ಹಾಕಿ ತೇಗ್ತದಲ್ಲ, ಆ ತೇಗಲ್ಲಿ ಒಂದು ಅನಿಲ ಇದೆ. ಅದೂ ಗಾಳಿಗೆ ಸೇರಿ ಭೂಮಿ ಬಿಸಿ ಮಾಡ್ತದೆ."

ಕೆಂಪಾಜಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಅಯ್ಯೋ ನಿಮ್ ಮನೆ ಕಾಯ! ಲಾರಿ, ಫ್ಯಾಕ್ಟ್ರಿ ಎಲ್ಲಾ ಸಾಚಾ, ನಮ್ ಬೆಳ್ಳಿನೇ ಕಳ್ಳಿನಾ? ಅವ್ಳು ತೇಗಿದ್ರೆ ಭೂಮಿ ಬಿಸಿ ಆಗೋಯ್ತದಾ?"

ಮೇಡಂಗೆ ನಗು ತಡೆಯಲಾಗಲಿಲ್ಲ. "ಇಲ್ಲಮ್ಮ, ಲಾರಿ ಫ್ಯಾಕ್ಟರಿದೇ ದೊಡ್ಡ ಪಾಲು. ದನದ್ದೂ ಒಂದು ಪಾಲು ಅಷ್ಟೆ. ಬೆಳ್ಳಿನ ಮಾರಿ ಅಂತ ನಾನು ಹೇಳ್ತಿಲ್ಲ. ಬಿಸಿಲಿಗೆ ಬಾಡಿದ ಹಸು, ದಿನ ತುಂಬೋ ಮುಂಚೆ ಕಂದು ಹಾಕಿದ ಹಸು ತಿನ್ನೋದು ತಿಂತದೆ, ತೇಗೋದು ತೇಗ್ತದೆ, ಹಾಲು ಮಾತ್ರ ಇಲ್ಲ. ಆಗ ಜನ ಇನ್ನೊಂದು ಹಸು ತಂದು ಕಟ್ತಾರೆ. ಇರೋ ಒಂದನ್ನೇ ಆರೋಗ್ಯವಾಗಿ ಇಟ್ರೆ ಎರಡು ಕಟ್ಟೋ ಅಗತ್ಯ ಇಲ್ಲ. ಅದಕ್ಕೇ ಮೊದಲ ಔಷಧಿ ನೆರಳು."

"ಅಂಗಾದ್ರೆ ಚೀಟಿ ಬರ್ಕೊಡಿ" ಅಂದಳು ಕೆಂಪಾಜಮ್ಮ ತಟ್ಟನೆ. "ಔಷ್ದಿ ಚೀಟಿ ಬರೀತೀರಲ್ಲ, ಅಂಗೇ. ಮರ ಕಡೀಬ್ಯಾಡಿ ಅಂತ."

"ಬರೆದುಕೊಡ್ತೀನಿ. ಆದರೆ ವಾಸನೆಗೆ ಏನ್ ಹೇಳ್ತೀರಿ? ನೀವೂ ಮಾಸನ್ನ ಆ ಮರಕ್ಕೇ ಕಟ್ತೀರಾ?"

"ಇನ್ನೇನು ಮತ್ತೆ? ಪ್ರತಿ ಸೂಲಿಗೂ ಕಟ್ಟಿವ್ನಿ. ಈ ಸಲಾನೂ ಕಟ್ತೀನಿ. ಒಂದ್ಸಲಾನೂ ತಪ್ಪಿಲ್ಲ" ಅಂದಳು. ಅವಳ ಮುಖದಲ್ಲಿ ಹೆಮ್ಮೆಯಿತ್ತು.

ನಯನ ಮೇಡಂ ಸಮಾಧಾನದಿಂದ ತಿಳಿಸಿ ಹೇಳಿದರು. ಮಾಸು ನಾಯಿಯ ಬಾಯಿಗೆ ಬೀಳಬಾರದು ಅಂತ ಹಿರಿಯರು ಮೇಲೆ ಕಟ್ಟಿದ್ದರಲ್ಲಿ ಅರ್ಥವಿದೆ. ಆದರೆ ಹಸುವಿಗೆ ಕಂದುರೋಗ ಇದ್ದರೆ ಅದರ ಕ್ರಿಮಿಯೆಲ್ಲ ಮಾಸಿನಲ್ಲೇ ಇರುತ್ತದೆ. ಅದು ಬೇರೆ ಹಸುಗಳಿಗೆ ಅಂಟಿದರೆ ಅವೂ ಕಂದು ಹಾಕುತ್ತವೆ. ಮನುಷ್ಯರಿಗೆ ಅಂಟಿದರೆ ಬಿಟ್ಟು ಬಿಟ್ಟು ಜ್ವರ, ಕೀಲುನೋವು ಬರುತ್ತದೆ. ಹುಲ್ಲಿನಲ್ಲಿ ಕಟ್ಟಿದರೂ ಭಯ ತಪ್ಪಿದ್ದಲ್ಲ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರಂತೂ ಕೊಳೆತ ನೀರು ಮಳೆಯ ಜೊತೆ ಇಳಿದು ಕಾಲುವೆಗೆ ಹೋಗುತ್ತದೆ, ಕಾಲುವೆಯ ನೀರನ್ನೇ ದನ ಕುಡಿಯುತ್ತದೆ. ಆದ್ದರಿಂದ ಆಳವಾಗಿ ಹೂಳುವುದೇ ಸರಿ.

"ಹೂಳೋದಾ? ಕರಾವು ಮಣ್ಣುಪಾಲಾಯ್ತದೆ! ನಂ ಕೈಲಾಗಕಿಲ್ಲ" ಅಂದುಬಿಟ್ಟಳು ಕೆಂಪಾಜಮ್ಮ.

ಮೇಡಂ ಚೀಟಿ ಬರೆದುಕೊಟ್ಟು ಮುಂದಿನ ಊರಿಗೆ ಹೋದರು. ನಾನು ಅಲ್ಲೇ ನಿಂತೆ. ನನಗೆ ಸಿಟ್ಟು ಬಂದರೆ ನಾಲಿಗೆ ನಿಲ್ಲುವುದಿಲ್ಲ, ಅದು ನನ್ನ ದೊಡ್ಡ ದುರ್ಗುಣ.

"ಕೆಂಪಾಜಮ್ಮ, ಆ ಮರಕ್ಕೆ ಗರಗಸ ತರ್ಸ್ತಿರೋದು ರಾಜೇಂದ್ರಣ್ಣ ಅಲ್ಲ, ನೀವು. ನಿಮ್ ಚೀಲಾನೇ ಮರ ಕಡೀತಾ ಇರೋದು. ನೆರಳೂ ಬೇಕು, ನಾತ ಹಾಕೋದೂ ಬಿಡಲ್ಲ ಅಂದ್ರೆ ಹೆಂಗೆ?"

ಅವಳು ನನ್ನನ್ನೇ ನೋಡಿದಳು. "ನಮ್ಮೆಜಮಾನ್ರಿದ್ದಾಗ ಹುಲ್ಲಲ್ ಸುತ್ತಿ, ಕತ್ತಾಳೆ ನಾರಲ್ ಬಿಗ್ದು, ತುದೀಗ್ ಅತ್ತಿ ಕಟ್ ಬತ್ತಿದ್ರು. ಈಗ ಮರ ಅತ್ತಕೆ ಮನೇಲಿ ಯಾರವ್ರೆ, ನೀನೇ ಯೋಳು. ಗಳೂಗೆ ಸಿಕ್ಕಿಸ್ಕಂಡು ಎಟುಕ್ದಷ್ಟು ಕಟ್ತೀನಿ. ಉಲ್ಲು ನಿಲ್ಲಕಿಲ್ಲ, ಅದ್ಕೆ ಚೀಲ."

ಅವಳು ಬಾಗಿಲ ಕಡೆ ನಡೆದು ಅಲ್ಲಿಂದಲೇ ಹೇಳಿದಳು.

"ಕರಾವಿದ್ದಾಗ ದಿನಕ್ ಒಂದ್ಸಲ ಡೈರಿಗೋಯ್ತೀನಿ ಕಣವ್ವ. 'ಎಷ್ಟು' ಅಂತಾರೆ. 'ಆರು' ಅಂತೀನಿ. ಅದೊಂದೇ ನಾನ್ ಜನ್ರ ಜೊತೆ ಆಡೋ ಮಾತು. ಮರ ಓದ್ರೆ ಬೆಳ್ಳಿ ಓಯ್ತಾಳೆ. ಬೆಳ್ಳಿ ಓದ್ರೆ 'ಎಷ್ಟು' ಅಂತ ಕೇಳೋರೂ ಇಲ್ಲ." ಅಷ್ಟು ಹೇಳಿ ಬಾಗಿಲು ಹಾಕಿಕೊಂಡಳು.

ಆ ದಿನ ಮನೆಗೆ ಬಂದು ಕೂತೆ. ಕುಮಾರನಿಗೆ ಫೋನ್ ಮಾಡಿದರೆ ನಾಟ್ ರೀಚಬಲ್. ನೆನೆಸಿಕೊಂಡರೆ ನಾನು ಆವತ್ತು ಮನಸ್ಸು ಬಿಚ್ಚಿ ಮಾತಾಡಿದ್ದು ಕೆಂಪಾಜಮ್ಮನ ಹತ್ತಿರ ಮಾತ್ರ, ಅದೂ ಬೈದದ್ದು. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಬುಧವಾರ ನಾನು ಆ ಕಡೆ ಹೋಗಲಿಲ್ಲ. ಗುರುವಾರ ಬೆಳಿಗ್ಗೆ ಲಸಿಕೆಯ ಪಟ್ಟಿ ಹಿಡಿದುಕೊಂಡು ಹೋಗುತ್ತಿದ್ದಾಗ ಆಲದ ಕೆಳಗೆ ಕೆಂಪಾಜಮ್ಮ ಕಂಡಳು. ಒಂದು ಕೈಯಲ್ಲಿ ಬಿದಿರು ಗಳು, ಇನ್ನೊಂದು ಕೈಯಲ್ಲಿ ಬಿಳಿ ಚೀಲ. ಬೆಳ್ಳಿ ಬೆಳಗಿನ ಜಾವ ಹೆಣ್ಣುಗರು ಹಾಕಿತ್ತು, ಆಗಷ್ಟೇ ಮಾಸು ಬಿದ್ದಿತ್ತು. ನಾನು ಬಾಯಿ ತೆರೆಯಬಾರದು ಅಂತ ತೀರ್ಮಾನ ಮಾಡಿ ರಸ್ತೆಯ ಈ ಕಡೆಯೇ ನಿಂತೆ.

ಅವಳು ಚೀಲವನ್ನು ಗಳುವಿಗೆ ಸಿಕ್ಕಿಸಿ ಎತ್ತಿದಳು. ಕೊಂಬೆಗೆ ಜಾಗವೇ ಇರಲಿಲ್ಲ. ಅಲ್ಲಿ ಇಲ್ಲಿ ತಳ್ಳಿದಳು. ಆಗ ಒಂದು ಹಳೆಯ ಚೀಲ ಜಾರಿ ಅವಳ ಕಾಲ ಹತ್ತಿರವೇ ಬಿತ್ತು. ಅವಳು ಹಿಂದಕ್ಕೆ ಸರಿದವಳು ಹಾಗೇ ನಿಂತುಬಿಟ್ಟಳು. ಗಳು ಕೆಳಗಿಳಿಯಿತು. ಬಗ್ಗಿ ನೋಡಿದಳು.

"ಭಾನು" ಅಂದಳು. ನಾನು ನಿಂತಿರುವುದು ಅವಳಿಗೆ ಗೊತ್ತಿತ್ತು. "ಬಾ ಇಲ್ಲಿ."

ಹೋದೆ. ಚೀಲದ ಬಾಯಿಗೆ ಹಸಿರು ಅಂಚಿನ ಬಟ್ಟೆಯ ಚೂರು ಗಂಟು ಹಾಕಿತ್ತು.

"ಇದು ಅವ್ರ ಟವಲ್ದು. ಅವ್ರು ಓದ್ ಮೇಲೆ ಬೆಳ್ಳಿ ಮೊದಲ್ನೆ ಸೂಲು. ದಾರ ಸಿಗ್ನಿಲ್ಲ ಅಂತ ಟವಲ್ ಅರ್ದು ನಾನೇ ಕಟ್ಟಿದ್ದು. ಐದೊರ್ಸ ಆಯ್ತು. ನೋಡು, ಚೀಲ ಅಂಗೇ ಅದೆ. ಅಂಗ್ಡಿ ಎಸ್ರೂ ಅಳ್ಸಿಲ್ಲ."

ಅವಳು ತಲೆಯೆತ್ತಿ ಮರವನ್ನೆಲ್ಲ ನೋಡಿದಳು, ಬುಡದಿಂದ ತುದಿಯವರೆಗೆ.

"ಅವ್ರು ಇಪ್ಪತ್ತೊರ್ಸ ಕಟ್ಟವ್ರೆ. ಒಂದಾದ್ರೂ ಕಾಣ್ತದಾ? ಅವ್ರು ಕೊಟ್ಟಿದ್ನೆಲ್ಲ ಮರ ತಕ್ಕಂತು. ನಾನ್ ಕೊಟ್ಟಿದ್ನ ಒಂದೂ ತಕ್ಕಂಡಿಲ್ಲ ಕಣವ್ವ. ಎಲ್ಲಾನೂ ಅಂಗೇ ಇಟ್ಕಂಡು ನಿಂತದೆ."

ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಳು. ಆರು ವರ್ಷದಲ್ಲಿ ಅವಳು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ನನಗೂ ಕಣ್ಣು ತುಂಬಿತು. ಅವಳ ಪಕ್ಕದಲ್ಲಿ ಹೋಗಿ ನಿಂತುಕೊಂಡೆ. ಅವಳು ಮೂಗು ಒರೆಸಿಕೊಂಡು ಕೇಳಿದಳು.

"ಗುಂಡಿ ಎಷ್ಟಾಳ ತೋಡ್ಬೇಕು?"

ಮನೆಯ ಹಿಂದೆ, ಬಾವಿಗೂ ಕಾಲುವೆಗೂ ದೂರವಾಗಿ ನಾಲ್ಕು ಅಡಿ ತೋಡಿದೆವು. ಹಾರೆ ಅವಳದು, ಗುದ್ದಲಿ ನನ್ನದು. ನನ್ನ ಬ್ಯಾಗಿನಲ್ಲಿದ್ದ ಕೈಗವಸು ಹಾಕಿಕೊಂಡು ಮಾಸನ್ನು ಚೀಲದಿಂದ ಬಿಡಿಸಿ ಗುಂಡಿಗೆ ಹಾಕಿ, ಮೇಲೆ ಸುಣ್ಣ ಸುರಿದು, ಮಣ್ಣು ಮುಚ್ಚಿ, ನಾಯಿ ಕೆದಕದಂತೆ ಕಲ್ಲು ಹೇರಿದೆವು. ಆಮೇಲೆ ಸೋಪು ಹಾಕಿ ಕೈ ತೊಳೆದೆವು. ಕೆಂಪಾಜಮ್ಮ ಬೆಳ್ಳಿಯ ಹತ್ತಿರ ಹೋಗಿ, "ಊತ್ ಬಂದೆ ಕಣವ್ವ, ಕ್ವಾಪ ಮಾಡ್ಕಬ್ಯಾಡ" ಅಂದಳು. ಬೆಳ್ಳಿ ಕರುವನ್ನು ನೆಕ್ಕುತ್ತಿತ್ತು.

"ಇನ್ನ ಮರದ್ ಮೇಲಿರೋವು?" ಅಂದೆ.

"ಅವುನ್ನೂ ಇಳ್ಸವ. ನಾಳೆ ತಾನೆ ಗರಗಸ ಬರೋದು?"

ನಯನ ಮೇಡಂಗೆ ಫೋನ್ ಮಾಡಿದೆ. ಮಧ್ಯಾಹ್ನದೊಳಗೆ ಎರಡು ಮೂಟೆ ಸುಣ್ಣ, ಮಾಸ್ಕು, ಕೈಗವಸು ಕಳುಹಿಸಿ, ಹಿಂದೆಯೇ ತಾವೂ ಬಂದರು. ಆ ಬಿಸಿಲಲ್ಲಿ ಮೂರೇ ಜನ ಹೆಂಗಸರು. ನಾನು ಏಣಿ ಹತ್ತಿ ಕುಡುಗೋಲಿನಿಂದ ದಾರ ಕುಯ್ಯುವುದು, ಕೆಂಪಾಜಮ್ಮ ಗಳುವಿನಲ್ಲಿ ಇಳಿಸುವುದು, ಮೇಡಂ ಹೊಸ ಗುಂಡಿಗೆ ಸುರಿದು ಸುಣ್ಣ ಹಾಕುವುದು. ಖಾಲಿ ಚೀಲಗಳನ್ನು ಬ್ಲೀಚಿಂಗ್ ಪೌಡರ್ ನೀರಲ್ಲಿ ಅದ್ದಿ ಒಂದು ಕಡೆ ಹರಡಿದೆವು. ರಸ್ತೆಯಲ್ಲಿ ಹೋಗುವವರು ನೋಡಿದರು, ಮೂಗು ಮುಚ್ಚಿಕೊಂಡು ಮುಂದೆ ಹೋದರು. ಒಬ್ಬರೂ ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ಕೈ ಬಿದ್ದು ಹೋಯಿತು, ಅರ್ಧ ಮರ ಹಾಗೇ ಉಳಿದಿತ್ತು.

ಶುಕ್ರವಾರ ಬೆಳಿಗ್ಗೆ ಗರಗಸದವರು ಟೆಂಪೋದಲ್ಲಿ ಬಂದಿಳಿದರು. ಜೊತೆಗೆ ರಾಜೇಂದ್ರಣ್ಣ. ಕೆಂಪಾಜಮ್ಮ ಮರದ ಬುಡದಲ್ಲಿ ಬೆಳ್ಳಿಯನ್ನು ಕಟ್ಟಿ, ಕರುವನ್ನು ಪಕ್ಕದಲ್ಲಿ ಇಟ್ಟುಕೊಂಡು ಕೂತಿದ್ದಳು. ಈಗ ಊರೂ ಸೇರಿತು. ತಮಾಷೆ ನೋಡಲು ನಮ್ಮೂರಿನವರಿಗೆ ಯಾವಾಗಲೂ ಬಿಡುವಿರುತ್ತದೆ.

"ಏಳಮ್ಮ ಮೇಲೆ" ಅಂದ ರಾಜೇಂದ್ರಣ್ಣ.

ಅವಳು ಏಳಲಿಲ್ಲ. ಮೇಡಂ ಬರೆದ ಚೀಟಿ ಕೈಗಿಟ್ಟಳು. ಅವನು ಓದಿದ. ಹಸುವಿಗೆ ಔಷಧಿ: ಹಗಲು ಹನ್ನೊಂದರಿಂದ ನಾಲ್ಕರವರೆಗೆ ಈ ಆಲದ ನೆರಳು.

"ಇದೆಲ್ಲ ಸರಿಯಮ್ಮ. ಆದ್ರೆ ನಾತ..."

"ಅಲ್ಲಿ ನೋಡು ರಾಜೇಂದ್ರ" ಅಂದಳು ಕೆಂಪಾಜಮ್ಮ, ಹರಡಿದ್ದ ಚೀಲಗಳ ಕಡೆ ಕೈ ತೋರಿಸಿ. "ಓದು. ನಂಗೆ ಓದಕ್ ಬರಕಿಲ್ಲ. ಏನ್ ಬರ್ದದೆ ಅದ್ರ ಮೇಲೆ?"

ಎಪ್ಪತ್ತಮೂರು ಚೀಲಗಳಿದ್ದವು. ಅರ್ಧಕ್ಕಿಂತ ಹೆಚ್ಚಿನವುಗಳ ಮೇಲೆ ಕೆಂಪು ಅಕ್ಷರದಲ್ಲಿ ರಾಜೇಂದ್ರ ಸ್ಟೋರ್ಸ್ ಅಂತ ಇತ್ತು. ಯಾರೋ ಹಿಂದಿನಿಂದ ಕಿಸಕ್ಕೆಂದು ನಕ್ಕರು. ಮತ್ತೊಬ್ಬರು ನಕ್ಕರು. ಆದರೆ ಆ ನಗು ಹೆಚ್ಚು ಹೊತ್ತು ಇರಲಿಲ್ಲ, ಯಾಕೆಂದರೆ ಒಬ್ಬೊಬ್ಬರೂ ಬಗ್ಗಿ ತಮ್ಮ ತಮ್ಮ ಗಂಟು ಗುರುತಿಸತೊಡಗಿದರು. ಇದು ನಮ್ಮ ನೈಲಾನ್ ದಾರ, ಇದು ನಮ್ಮ ಹಳೇ ಸೀರೆ ಅಂಚು.

ಕೆಂಪಾಜಮ್ಮ ಎದ್ದು ನಿಂತಳು. "ನಾನೂ ಕಟ್ದೋಳೆಯಾ. ನಂದೂ ಅಲ್ಲೇ ಬಿದ್ದದೆ, ಅಸ್ರು ಅಂಚಿಂದು. ತಪ್ಪು ಮರದ್ದಲ್ಲ ಕಣಪ್ಪ, ನಮ್ದು. ನನ್ನ ಪಾಲು ಊತಿವ್ನಿ. ಇನ್ನು ಅರ್ಧ ಮೇಲದೆ. ನನ್ನ ತೋಳಲ್ಲಿ ಆಗ್ತಾ ಇಲ್ಲ."

ಆರು ವರ್ಷದಲ್ಲಿ ಅವಳು ಊರಿನ ಮುಂದೆ ಅಷ್ಟು ಮಾತಾಡಿದ್ದು ಅದೇ ಮೊದಲು. ರಾಜೇಂದ್ರಣ್ಣ ತಲೆ ಕೆರೆದುಕೊಂಡ. ಗರಗಸದವರ ಕಡೆ ತಿರುಗಿ, "ಓಗ್ರಪ್ಪ, ಇವತ್ ಬ್ಯಾಡ" ಅಂದ. ಆಮೇಲೆ ಪಂಚೆ ಎತ್ತಿ ಕಟ್ಟಿ, "ಏಣಿ ಎಲ್ಲದೆ ಭಾನು?" ಅಂತ ಕೇಳಿದ. ಮಧ್ಯಾಹ್ನದೊಳಗೆ ಮರ ಖಾಲಿಯಾಯಿತು. ಚೀಲಗಳು ಪಂಚಾಯಿತಿಯ ಕಸದ ಗಾಡಿಗೆ ಹೋದವು.

ಈಗ ನಮ್ಮೂರಿನಲ್ಲಿ ಒಂದು ಹೊಸ ಪದ್ಧತಿ ಇದೆ. ಹಸು ಕರು ಹಾಕಿದರೆ ಮಾಸನ್ನು ಹೂಳುತ್ತೇವೆ, ಅದೇ ದಿನ ಕೊಟ್ಟಿಗೆಯ ಪಡುವಣ ದಿಕ್ಕಿಗೆ ಒಂದು ಹೊಂಗೆ ಸಸಿ ನೆಡುತ್ತೇವೆ. ಕೆಂಪಾಜಮ್ಮನ ಸಸಿ ಎರಡು ಎಲೆ ಹೊಸದಾಗಿ ಬಿಟ್ಟಿದೆ. ಬೆಳ್ಳಿಯ ಕರಾವು ಮಣ್ಣುಪಾಲಾಗಲಿಲ್ಲ, ಮೊನ್ನೆ ಒಂಬತ್ತು ಲೀಟರ್. ಆದರೂ ಮನೆಯಲ್ಲಿ ಅವಳು ಒಬ್ಬಳೇ. ಸಂಜೆ ಆ ಕಡೆ ಹೋದರೆ ಈಗಲೂ ಒಳಗಿನಿಂದ "ಅಲ್ವೇನೇ ಬೆಳ್ಳಿ" ಅಂತ ಕೇಳಿಸುತ್ತದೆ. ನಾನು ಒಳಗೆ ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತೇನೆ. ನನಗೂ ಅದು ಬೇಕಾಗಿದೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನ ಆಲದ ಮರವನ್ನು ಇವತ್ತೇ ಹೋಗಿ ಒಮ್ಮೆ ತಲೆಯೆತ್ತಿ ನೋಡಿ. ಅಲ್ಲಿ ನಿಮ್ಮ ಮನೆಯ ಗಂಟು ನೇತಾಡುತ್ತಿದ್ದರೆ ನಿಮ್ಮ ಪಶುವೈದ್ಯರಿಗೆ, ಪಶುಸಖಿಗೆ ಒಂದು ಫೋನ್ ಮಾಡಿ. ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ. ನಾಲ್ಕಡಿ ಗುಂಡಿ, ಮೇಲೆ ಸುಣ್ಣ, ಅದರ ಮೇಲೆ ಕಲ್ಲು, ಇಷ್ಟು ಸಾಕು. ಹೆಣ್ಣುಗರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಕಂದುರೋಗದ ಲಸಿಕೆ ಒಂದೇ ಒಂದು ಸಲ ಹಾಕಿಸಿ. ಇರುವ ಮರ ಉಳಿಸಿ, ಕೊಟ್ಟಿಗೆಗೆ ಒಂದು ಮರ ಬೆಳೆಸಿ. ಬಿಸಿಲು ಇನ್ನೂ ಹೆಚ್ಚುತ್ತದೆಯೇ ಹೊರತು ಕಮ್ಮಿಯಾಗುವ ಹಾಗೆ ಕಾಣುತ್ತಿಲ್ಲ.

ಇನ್ನೊಂದು ಮಾತು, ಇದು ಯಾವ ಇಲಾಖೆಯೂ ನನಗೆ ಹೇಳಿಕೊಟ್ಟದ್ದಲ್ಲ. ಡೈರಿಯ ಸಾಲಿನಲ್ಲಿ ನಿಮ್ಮ ಹಿಂದೆ ಒಬ್ಬಳು ಹಾಲಿನ ಕ್ಯಾನು ಹಿಡಿದು ಸುಮ್ಮನೆ ನಿಂತಿರುತ್ತಾಳೆ. ಅವಳನ್ನು "ಎಷ್ಟು" ಅಂತ ಕೇಳಬೇಡಿ. "ಹಸು ಹೆಂಗದೆ, ನೀನ್ ಹೆಂಗಿದ್ದೀಯ" ಅಂತ ಕೇಳಿ.